ಮೂಗು ಕಟ್ಟಿದ ಬೆಕ್ಕು

ನರಿಕೊಂಬು
3-8-1959

ಚಿ. ಸೌ. ಕಾಂತಿಗೆ ಅಪ್ಪನ ಆಶೀರ್ವಾದಗಳು.

ನೀನೂ ಮಗುವೂ ಹೇಗಿದ್ದೀರಿ? ಶಿರ್ತಾಡಿಯಲ್ಲಿ ಚಳಿ ಹೆಚ್ಚು, ಮಗುವಿನ ತಲೆಗೆ ಬಟ್ಟೆ ಕಟ್ಟು. ಅಮ್ಮನ ಮುಖ ನೋಡಲು ಬರಲಾಗಲಿಲ್ಲವೆಂದು ಕೊರಗಬೇಡ. ಹೆರಿಗೆಯ ಅಮೆ-ಸೂತಕ ಕಳೆಯದವಳನ್ನು ಸಾವಿನ ಮನೆಗೆ ಯಾರೂ ಕಳುಹಿಸುವುದಿಲ್ಲ. ನಾನು ಎದುರಿಗೇ ಇದ್ದೆ, ಆದರೂ ಅಳು ಬರಲಿಲ್ಲ. ಜನ ನನ್ನನ್ನು ಗಟ್ಟಿ ಮನುಷ್ಯ ಎನ್ನುತ್ತಾರೆ. ನನಗೋ ಮೈಯೆಲ್ಲ ಜೋಮು ಹಿಡಿದಂತಿದೆ. ನಿನ್ನ ಸೋದರತ್ತೆ ಅಮ್ಮಣ್ಣಿ ಬಂದು ಅಡುಗೆ ನೋಡಿಕೊಳ್ಳುತ್ತಿದ್ದಾಳೆ. ಬಡಿಸಿದ್ದನ್ನು ಉಣ್ಣುತ್ತೇನೆ, ಸಾರೋ ಮಜ್ಜಿಗೆಯೋ ತಿಳಿಯುವುದಿಲ್ಲ.

ಅಮ್ಮ ಹೋದ ಮರುದಿನವೇ ಅವಳ ಬೆಕ್ಕು ಬೊಳ್ಳಿಗೆ ಶೀತ ಹಿಡಿಯಿತು. ಸೀನು, ಕಣ್ಣಿಗೆ ಪಿಸುರು, ಎದೆಯಲ್ಲಿ ಗೊರಗೊರ. ಅಮ್ಮನ ಹಳೆ ಸೀರೆಯ ಮೇಲೆ ಮಲಗಿದ್ದು ಏಳಲೇ ಇಲ್ಲ, ಹಾಲನ್ನೂ ಮುಟ್ಟಲಿಲ್ಲ. ದುಃಖಕ್ಕೆ ಅನ್ನ ಬಿಟ್ಟಿದೆ ಎಂದರು ಎಲ್ಲರೂ. ಬೆಕ್ಕಿಗಿರುವಷ್ಟು ದುಃಖ ನನಗಿಲ್ಲವಲ್ಲ ಎಂದು ನಾಚಿಕೆಯಾಯಿತು. ಅದೂ ಹೋದರೆ ಈ ಮನೆಯಲ್ಲಿ ಅಮ್ಮನದೆನ್ನಲು ಇನ್ನೇನು ಉಳಿಯಿತು? ಬುಟ್ಟಿಯಲ್ಲಿಟ್ಟು ಬಂಟ್ವಾಳಕ್ಕೆ ಒಯ್ದೆ. ದನದ ಡಾಕ್ಟರು, "ದುಃಖವೂ ಇಲ್ಲ ಎಂಥದೂ ಇಲ್ಲ ಮಾರಾಯ್ರೆ, ಮೂಗು ಕಟ್ಟಿದೆ. ವಾಸನೆ ಸಿಗದೆ ಬೆಕ್ಕು ತಿನ್ನುವುದಿಲ್ಲ. ಒಣಮೀನು ಸುಟ್ಟು ಬಿಸಿಬಿಸಿ ಮೂಗಿಗೆ ಹಿಡಿಯಿರಿ. ತಿನ್ನದಿದ್ದರೆ ಉಳಿಯುವುದು ಕಷ್ಟ ಉಂಟು" ಎಂದರು.

ಅಮ್ಮಣ್ಣಿ ಹೌಹಾರಿದಳು. "ಬೊಜ್ಜ ಕಳೆಯದೆ ಮನೆಯೊಳಗೆ ಮೀನು ಸುಡುವುದಾ ಅಣ್ಣಾ? ಅತ್ತಿಗೆ ಇನ್ನೂ ಇಲ್ಲೇ ಇದ್ದಾರೆ." ಅವಳದ್ದೂ ತಪ್ಪಲ್ಲ. ಬೊಜ್ಜದ ಉತ್ತರಕ್ರಿಯೆ ಮುಗಿಯುವವರೆಗೆ ಮೀನು ಹೊಸ್ತಿಲು ದಾಟಬಾರದೆಂದು, ಅಮ್ಮ ಮಳೆಗಾಲಕ್ಕೆ ಒಣಗಿಸಿಟ್ಟ ಮೀನಿನ ಭರಣಿಯನ್ನೂ ಅವಳು ದನದ ಹಟ್ಟಿಗೆ ಸಾಗಿಸಿದ್ದಾಳೆ. ಬೊಳ್ಳಿ ಈಗ ತುಸು ಚೇತರಿಸಿಕೊಂಡಿದೆ. ಎಲ್ಲ ದೈವದ ಕೃಪೆ ಎನ್ನುತ್ತಾಳೆ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಮಗುವಿಗೆ ದೃಷ್ಟಿ ತೆಗೆಯಲು ಮರೆಯಬೇಡವೆಂದು ಅಮ್ಮಣ್ಣಿ ಅತ್ತೆ ಹೇಳಿದ್ದಾಳೆ. ತಾಯಿ ಮಗು ನೂರು ಕಾಲ ಸುಖವಾಗಿರಿ.

ನಿನ್ನ ಅಪ್ಪ
ಸುಬ್ಬಯ್ಯ

ಮತ್ತೆ: ಅಮ್ಮಣ್ಣಿ ಮೀಯಲು ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ಮೊನ್ನೆ ಅವಳು ಅಂಗಡಿಗೆ ಹೋದಾಗ ಹಟ್ಟಿಯಿಂದ ಮೀನು ತಂದು ಅಮ್ಮನ ಒಲೆಯಲ್ಲೇ ಸುಟ್ಟೆ. ಬೊಳ್ಳಿ ತಲೆಯೆತ್ತಿತು. ವಾಸನೆ ನನ್ನ ಮೂಗಿಗೂ ಬಂತು. ಅಮ್ಮ ಊಟಕ್ಕೆ ಕರೆದಂತಾಗಿ "ಬಂದೆ" ಎಂದುಬಿಟ್ಟೆ. ಬೆಕ್ಕು ಒಂದು ತುಂಡು ತಿಂದಿತು, ನಾನೂ ಒಂದು ತಿಂದೆ. ಉಪ್ಪು ಗೊತ್ತಾಯಿತು. ಆಮೇಲೆ ತುಂಬ ಅತ್ತುಬಿಟ್ಟೆ, ಮಗಳೇ. ಅಮ್ಮಣ್ಣಿ ಬರುವಷ್ಟರಲ್ಲಿ ಸಾಂಬ್ರಾಣಿ ಹೊಗೆ ಹಾಕಿದ್ದೆ. ಕಣ್ಣು ಯಾಕೆ ಕೆಂಪಾಗಿದೆ ಎಂದು ಕೇಳಿದಳು. ಬೆಕ್ಕಿನ ಶೀತ ನನಗೂ ಹತ್ತಿದೆ ಎಂದೆ.