ಒಂದು ಸುತ್ತು ಮೊದಲೇ ಬಾರಿಸಿದ ಗಂಟೆ

ನಮ್ಮ ಕ್ರೀಡಾ ಸಂಘದ ಮಾನ್ಯ ಅಧ್ಯಕ್ಷರಿಗೆ,

ಮಾನ್ಯರೇ, ಕಳೆದ ವರ್ಷದ ಆಯ್ಕೆ ಕೂಟದಲ್ಲಿ ಹೆಣ್ಣುಮಕ್ಕಳ ಸಾವಿರದ ಐನೂರು ಮೀಟರ್ ಓಟ ನಡೆಯುತ್ತಿದ್ದಾಗ, ಕೊನೆಯ ಸುತ್ತಿನ ಗಂಟೆಯನ್ನು ತಾವು ಒಂದು ಸುತ್ತು ಮೊದಲೇ ಬಾರಿಸಿದಿರಿ. ಆಗ ಎಲ್ಲರಿಗಿಂತ ಮುಂದೆ ಓಡುತ್ತಿದ್ದವಳು ನನ್ನ ಮಗಳು. ಅಂದಿನಿಂದ ಇಂದಿನವರೆಗೆ ಅವಳು ಓಡಿಲ್ಲ. ನನ್ನ ದೂರು ಇಷ್ಟೇ. ಇದನ್ನು ಬಂದು ಹೇಳಬಹುದಿತ್ತಲ್ಲ, ಬೀದಿಗೆ ತರುವುದೇಕೆ ಎಂದು ತಮಗೆ ಅನ್ನಿಸಬಹುದು. ಬಂದಿದ್ದೆ. ತಮ್ಮ ಕೊಠಡಿಯ ಹೊರಗಿರುವ ಬೆಂಚು ನನ್ನ ಬೆನ್ನಿನ ಗುರುತು ಹಿಡಿಯುವಷ್ಟು ಸಲ ಬಂದಿದ್ದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಊಟಕ್ಕೆ ಹೋಗಿದ್ದಾರೆ, ಈಗಷ್ಟೇ ಹೊರಟರು ಎಂದು ತಮ್ಮ ಜವಾನರು ಬೇಸರವಿಲ್ಲದೆ ಹೇಳುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಮ್ಮೆ ಪಾಪ, ನೀರು ಕೂಡ ತಂದುಕೊಟ್ಟರು.

ಈ ಓಟದ ವಿಷಯ ತಮಗೆ ಗೊತ್ತಿದ್ದೇ ಇರುತ್ತದೆ. ಆದರೂ ಈ ಪತ್ರ ಓದುವ ಉಳಿದವರಿಗಾಗಿ ಎರಡು ಮಾತು ಹೇಳುತ್ತೇನೆ. ತಾವೂ ಜೊತೆಯಲ್ಲೇ ಓದಿಕೊಂಡರೆ ನಷ್ಟವೇನಿಲ್ಲ. ಸಾವಿರದ ಐನೂರು ಮೀಟರ್ ಎಂದರೆ ಟ್ರ್ಯಾಕಿನ ಮೂರು ಮುಕ್ಕಾಲು ಸುತ್ತು. ನೂರು ಮೀಟರಿನವರಿಗೆ ಯೋಚಿಸಲು ಪುರುಸೊತ್ತಿಲ್ಲ, ಮ್ಯಾರಥಾನಿನವರಿಗೆ ಬೇಕಾದಷ್ಟಿದೆ. ನಡುವೆ ಸಿಕ್ಕಿಕೊಂಡಿರುವ ಇವರ ಪಾಡು ಬೇರೆ. ಪ್ರತಿ ಹೆಜ್ಜೆಗೂ ಇರುವ ದಮ್ಮಿನಲ್ಲಿ ಎಷ್ಟು ಬಳಸಬೇಕು, ಎಷ್ಟು ಉಳಿಸಬೇಕು ಎಂದು ತೂಗುತ್ತಲೇ ಓಡಬೇಕು. ಮುಂದಿರುವವರು ಗೆರೆ ದಾಟಿ ಕೊನೆಯ ಸುತ್ತಿಗೆ ಕಾಲಿಡುವಾಗ ಒಂದು ಗಂಟೆ ಬಾರಿಸುತ್ತಾರೆ. ಆಮೇಲೆ ಉಳಿಸುವ ಮಾತಿಲ್ಲ. ಮಗಳಿಗೆ ಓಟ ಕಲಿಸಿದ ಟ್ರೈನರ್ ಮೇಡಂ ಒಂದು ಹಳೇ ಕಬ್ಬಿಣದ ತಟ್ಟೆಯನ್ನು ಗೋಲ್ ಕಂಬಕ್ಕೆ ನೇತುಹಾಕಿ, ಕಲ್ಲಿನಿಂದ ಬಡಿದು ಇದನ್ನೇ ಅಭ್ಯಾಸ ಮಾಡಿಸುತ್ತಿದ್ದರು. "ಗಂಟೆ ಕೇಳೋ ತನಕ ಜಿಪುಣಿ ಥರ ಓಡು. ಕೇಳಿದ್ಮೇಲೆ ಮನೆಯಲ್ಲಿ ಇರೋದನ್ನೆಲ್ಲ ದಾನ ಮಾಡ್ಬಿಡು, ಒಂದು ಚಮಚಾನೂ ಇಟ್ಕೋಬೇಡ," ಎನ್ನುವುದು ಅವರ ಪಾಠ.

ನನ್ನ ಮಗಳಿಗೆ ಮನೆಯಲ್ಲಿ ಮಿಡತೆ ಎಂದು ಹೆಸರು. ಅವಳ ಅಜ್ಜಿ ಇಟ್ಟದ್ದು. ಮೈಯಲ್ಲಿ ಕಾಲು ಬಿಟ್ಟರೆ ಬೇರೇನೂ ಇಲ್ಲದ ಕೂಸಾಗಿತ್ತು. ಅಂಗಡಿಯಿಂದ ಬೆಂಕಿಪೊಟ್ಟಣ ತಾ ಎಂದರೆ, ನಾವು ಹೇಳಿ ಬಾಯಿ ಮುಚ್ಚುವುದರೊಳಗೆ ತಂದು ನಿಲ್ಲುತ್ತಿದ್ದಳು. ತಂದದ್ದು ಬೆಂಕಿಪೊಟ್ಟಣವೇ ಆಗಿರುತ್ತಿತ್ತು ಎಂದು ಮಾತ್ರ ಹೇಳಲಾರೆ. ಓಡುವುದರಲ್ಲಿ ಏನು ತರಬೇಕೆಂಬುದೇ ಮರೆತುಹೋಗಿರುತ್ತಿತ್ತು. ಅಂಥವಳನ್ನು ಮೇಡಂ ಹಿಡಿದು ಕೂರಿಸಿ, ಕಾಲಿನ ಜೊತೆ ತಲೆಯನ್ನೂ ಓಡಿಸುವುದು ಕಲಿಸಿದರು. ಹುಡುಗಿ ಬೆಳೆದಂತೆ ಮನೆಯ ದಿನಚರಿಯೇ ಅವಳ ಓಟಕ್ಕೆ ತಕ್ಕಂತೆ ಬದಲಾಯಿತು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಹೆಂಡತಿ, ಬೆಳಿಗ್ಗೆ ಅವಳು ಮೈದಾನದಿಂದ ಬರುವ ಹೊತ್ತಿಗೆ ಬಿಸಿನೀರು ಕಾಯಿಸಿಟ್ಟೇ ಹೊರಡುತ್ತಿದ್ದಳು. ನಮಗೆ ಬೇರೆ ಆಸೆಗಳೂ ಇರಲಿಲ್ಲ.

ಇನ್ನು ಆ ದಿನದ ಮಾತು. ನಮ್ಮ ಕೂಟಗಳಲ್ಲಿ ಒಂದು ಪದ್ಧತಿ ಬಂದುಬಿಟ್ಟಿದೆ. ಕೊನೆಯ ಸುತ್ತಿನ ಗಂಟೆ ಬಾರಿಸುವ ಗೌರವವನ್ನು ಬಂದ ಗಣ್ಯರಿಗೆ ಕೊಡುವುದು. ಸುತ್ತು ಎಣಿಸಲು ಕೂತ ಸಿಬ್ಬಂದಿ ಎದ್ದು ನಿಂತು, ತಮ್ಮ ಕೈಗೆ ಗಂಟೆ ಒಪ್ಪಿಸಿ, ಪಕ್ಕಕ್ಕೆ ಸರಿದರು. ತಾವು ಹೂಗುಚ್ಛವನ್ನು ಎಡಗೈಗೆ ಬದಲಾಯಿಸಿಕೊಂಡು ಬಲಗೈಯಲ್ಲಿ ಗಂಟೆ ಹಿಡಿದಿರಿ. ಓಟಗಾರರು ಗೆರೆಯ ಬಳಿ ಬಂದರು. ಉಳಿದ ಸುತ್ತು ತೋರಿಸುವ ಫಲಕದ ಮೇಲೆ ಎರಡು ಎಂದಿತ್ತು. ತಾವು ಗಂಟೆ ಬಾರಿಸಿದಿರಿ. ಗ್ಯಾಲರಿಯಲ್ಲಿ ನನ್ನ ಪಕ್ಕದಲ್ಲಿದ್ದ ಮೇಡಂ ಎದ್ದು ನಿಂತು "ಅಲ್ಲ! ಅಲ್ಲ!" ಎಂದು ಕೂಗಿದರು. ಧ್ವನಿವರ್ಧಕದಲ್ಲಿ ತಮ್ಮ ಸೇವೆಯ ಗುಣಗಾನ ನಡೆಯುತ್ತಿತ್ತು. ಆ ಕೂಗು ಯಾರಿಗೂ ಕೇಳಲಿಲ್ಲ.

ಮಗಳು ಹಾರಿದಳು. ಅವಳು ಹಾಗೆ ಓಡಿದ್ದನ್ನು ಅದಕ್ಕೂ ಮುಂಚೆ ನಾನು ನೋಡಿರಲಿಲ್ಲ, ಇನ್ನು ನೋಡುತ್ತೇನೋ ಇಲ್ಲವೋ. ಹಿಂದಿದ್ದವರೂ ವೇಗ ಹೆಚ್ಚಿಸಿದರು, ಆದರೆ ಇವಳನ್ನು ಮುಟ್ಟಲು ಯಾರಿಂದಲೂ ಆಗಲಿಲ್ಲ. ಗೆರೆ ದಾಟಿದವಳೇ ಕೈ ಮೇಲೆತ್ತಿದಳು, ಮೊಣಕಾಲು ಹಿಡಿದು ಬಗ್ಗಿದಳು. ಆಗ ಎಣಿಸುವವರಿಗೆ ಎಚ್ಚರವಾಯಿತು. "ಇನ್ನೊಂದು ಸುತ್ತಿದೆ, ಓಡು, ಓಡು!" ಎಂದು ಕಿರುಚತೊಡಗಿದರು. ಹಿಂದೆ ಬರುತ್ತಿದ್ದವರಿಗೆ ಆ ಕೂಗು ಸಮಯಕ್ಕೆ ಸಿಕ್ಕಿತು. ಅವರು ನಿಲ್ಲದೆ ಮುಂದೆ ಹೋದರು. ನನ್ನ ಮಗಳು ತಲೆಯೆತ್ತಿ ಅವರ ಬೆನ್ನು ನೋಡಿದಳು. ಆಮೇಲೆ ಓಡಿದಳು. ಅದನ್ನು ಓಟ ಎನ್ನಬಹುದಾದರೆ. ಕಾಲು ಎಳೆಯುತ್ತಾ, ಒಂದು ಕಡೆಗೆ ವಾಲುತ್ತಾ, ಎಲ್ಲರೂ ಮುಗಿಸಿ ನೀರು ಕುಡಿಯುತ್ತಿದ್ದಾಗ ಒಬ್ಬಳೇ ಬಂದು ಗೆರೆ ದಾಟಿದಳು. ಆ ಓಟದ ನಿಜವಾದ ಕೊನೆಯ ಸುತ್ತಿಗೆ ಗಂಟೆಯೇ ಬಾರಿಸಲಿಲ್ಲ, ಮಾನ್ಯರೇ. ಗಂಟೆ ತಮ್ಮ ಕೈಯಲ್ಲಿತ್ತು, ತಾವು ವೇದಿಕೆಯ ಮೆಟ್ಟಿಲು ಹತ್ತುತ್ತಿದ್ದಿರಿ.

ನಾನು ಒಂದು ದಿನಪತ್ರಿಕೆಯಲ್ಲಿ ಕರಡು ತಿದ್ದುವವನು. ಅಚ್ಚಾಗುವ ಮುಂಚೆ ತಪ್ಪು ಹುಡುಕುವುದು ನನ್ನ ಕಸುಬು. ಅಂದು ಸಂಜೆ ಕೆಲಸಕ್ಕೆ ಹೋದೆ, ಮನೆಯಲ್ಲಿ ಅವಳ ಮುಖ ನೋಡಲಾಗದೆ ಹೋದೆ ಎಂದರೂ ಸರಿಯೇ. ಮೇಜಿನ ಮೇಲೆ ಕ್ರೀಡಾಪುಟ ಬಂತು. ಅದರಲ್ಲಿ ತಮ್ಮ ಚಿತ್ರ, ಮೂರು ಕಾಲಮ್ಮಿನಷ್ಟು ಅಗಲ. ಕೆಳಗೆ, "ಅಂತಿಮ ಸುತ್ತಿನ ಗಂಟೆ ಬಾರಿಸಿ ಓಟಗಾರ್ತಿಯರನ್ನು ಹುರಿದುಂಬಿಸಿದ ಅಧ್ಯಕ್ಷರು." ಕಾಗುಣಿತದ ತಪ್ಪು ಒಂದೂ ಇರಲಿಲ್ಲ. 'ಅಂತಿಮ' ಎಂಬಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿದೆ. ಉಪಸಂಪಾದಕರು ಎದ್ದು ಬಂದು ಭುಜ ಮುಟ್ಟಿದರು. "ನಿಮ್ಮ ಸಂಕಟ ಗೊತ್ತಾಗುತ್ತೆ ಕಣ್ರೀ. ಆದ್ರೆ ಸಂಘದವರು ಕೊಟ್ಟಿರೋ ವಿವರ ಇದು. ನಾವು ಹೇಗೆ ಬದಲಾಯ್ಸೋದು?" ಎಂದರು. ಒಳ್ಳೆಯ ಮನುಷ್ಯರು. ಚಿತ್ರ ಹಾಗೆಯೇ ಅಚ್ಚಾಯಿತು.

ಆ ಚಿತ್ರ ತೆಗೆದ ನಮ್ಮ ಫೋಟೋದವನು ಮಾರನೇ ವಾರ ಚಹಾದ ಅಂಗಡಿಯ ಮುಂದೆ ನನ್ನನ್ನು ತಡೆದು ನಿಲ್ಲಿಸಿದ. ಲೋಟ ಹಿಡಿದುಕೊಂಡೇ ಇದ್ದ, ಕುಡಿಯಲಿಲ್ಲ. "ಅಣ್ಣಾ, ನಾನು ಸುಮ್ನೆ 'ಗಂಟೆ ಹಿಡ್ಕೊಂಡು ಈ ಕಡೆ ನೋಡಿ ಸಾರ್' ಅಂದೆ ಅಷ್ಟೇ. ಮೋಡ ಬರ್ತಾ ಇತ್ತು, ಮುಂದಿನ ಸುತ್ತಿಗೆ ಬೆಳಕು ಹೋಗ್ಬಿಡುತ್ತೆ ಅಂತ. ಅವ್ರು ನಕ್ಕು ಬಾರಿಸೇಬಿಟ್ರು. ನಾನು ಹೇಳಿದ್ದಕ್ಕೇ ಹಿಂಗಾಯ್ತಲ್ಲ ಅಂತ ನಿದ್ದೆ ಬರ್ತಿಲ್ಲಣ್ಣಾ." ನೋಡಿ, ಮಾನ್ಯರೇ, ಗಂಟೆಯನ್ನು ಮುಟ್ಟದವನಿಗೆ ನಿದ್ದೆ ಬರುತ್ತಿಲ್ಲ. ಬಾರಿಸಿದವರ ನಿದ್ದೆಯ ಬಗ್ಗೆ ವಿಚಾರಿಸುವ ಧೈರ್ಯ ನನಗಿಲ್ಲ. ಅವನನ್ನು ನಾನೇ ಸಮಾಧಾನ ಮಾಡಿ ಕಳಿಸಿದೆ.

ತಪ್ಪು ಯಾರಿಂದ ಆಗುವುದಿಲ್ಲ? ನಮ್ಮ ಪತ್ರಿಕೆಯಲ್ಲಿ ಬದುಕಿರುವವರಿಗೆ ಶ್ರದ್ಧಾಂಜಲಿ ಅಚ್ಚಾಗಿದೆ. ಮರುದಿನ ಒಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ತಿದ್ದುಪಡಿ' ಎಂದು ಹಾಕಿ, ವಿಷಾದಿಸುತ್ತೇವೆ ಎಂದು ಬರೆಯುತ್ತೇವೆ. ಶ್ರದ್ಧಾಂಜಲಿ ಪಡೆದವರು ಕಚೇರಿಗೆ ಬಂದು ಜಗಳವಾಡಿ, ಚಹಾ ಕುಡಿದು ಹೋಗುತ್ತಾರೆ. ಅಲ್ಲಿಗೆ ಮುಗಿಯುತ್ತದೆ. ತಮ್ಮ ಸಂಘ ಏನು ಮಾಡಿತು? ಟ್ರೈನರ್ ಮೇಡಂ ಕೊಟ್ಟ ಆಕ್ಷೇಪಣೆಗೆ ಉತ್ತರ ಬಂತು. "ಸುತ್ತುಗಳ ಎಣಿಕೆ ಕ್ರೀಡಾಪಟುವಿನ ಸ್ವಂತ ಜವಾಬ್ದಾರಿ. ಸದರಿ ಪ್ರಕರಣದಲ್ಲಿ ಕ್ರೀಡಾಪಟುವಿನ ಎಣಿಕೆಯಲ್ಲಿ ಲೋಪವಾಗಿರುವುದು ಕಂಡುಬಂದಿದೆ." ಗಂಟೆಯ ಸುದ್ದಿಯೇ ಇಲ್ಲ. ಓಡುವವಳು ಉಸಿರು ಕಟ್ಟಿ ಓಡುತ್ತಾ ತಾನೇ ಎಣಿಸಿಕೊಳ್ಳಬೇಕು. ನೆರಳಿನಲ್ಲಿ ನಿಂತವರಿಗೆ ಎಣಿಕೆಯ ಹಂಗಿಲ್ಲ. ಹಾಗಾದರೆ ಗಂಟೆ ಇಟ್ಟಿರುವುದಾದರೂ ಏಕೆ? ಫಲಕ ಏಕೆ, ಅದರ ಹಿಂದೆ ಟೋಪಿ ಹಾಕಿಕೊಂಡು ಕೂರುವ ಸಿಬ್ಬಂದಿ ಏಕೆ? ಫೋಟೋಕ್ಕೆ ಮಾತ್ರ ಎಂದಾದರೆ ಮಕ್ಕಳಿಗೆ ಮೊದಲೇ ಹೇಳಿಬಿಡಿ. ಅವರು ಕಿವಿಗೆ ಹತ್ತಿ ಇಟ್ಟುಕೊಂಡು ಓಡುತ್ತಾರೆ.

ಇಲ್ಲಿಯವರೆಗೆ ಬರೆದದ್ದು ಸಿಟ್ಟು. ಸಿಟ್ಟನ್ನು ನಾನು ಹೊಟ್ಟೆಗೆ ಹಾಕಿಕೊಂಡು ಇರಬಲ್ಲೆ, ವರ್ಷವಿಡೀ ಹಾಗೆಯೇ ಇದ್ದೆ. ಈ ಪತ್ರ ಬರೆಯುವಂತೆ ಮಾಡಿದ್ದು ಮೊನ್ನೆ ನಮ್ಮ ಅಡುಗೆಮನೆಯಲ್ಲಿ ಕೇಳಿದ ಮಾತು. ಮುಂದಿನ ತಿಂಗಳು ಮತ್ತೆ ಆಯ್ಕೆ ಕೂಟವಿದೆ. ಮೇಡಂ ಮನೆಗೆ ಬಂದು, ಕಾಲಿನ್ನೂ ಕೆಟ್ಟಿಲ್ಲ, ಈಗ ಶುರುಮಾಡಿದರೂ ಆಗುತ್ತದೆ, ಇದೇ ಕೊನೆಯ ಅವಕಾಶ ಎಂದು ಹೇಳಿಹೋಗಿದ್ದರು. ಮಗಳು ಕಡ್ಡಿ ಮುರಿದಂತೆ ಬೇಡ ಅಂದಿದ್ದಳು. ಸಂಜೆ ತಾಯಿ ಮಗಳು ಸೊಪ್ಪು ಬಿಡಿಸುತ್ತಾ ಕೂತಿದ್ದರು. ನನ್ನ ಹೆಂಡತಿ ತಡೆಯಲಾರದೆ, "ಒಂಚೂರು ಎಣಿಸ್ಕೋಬೇಕಿತ್ತು ಕಣೇ ನೀನು," ಎಂದಳು. ತಮ್ಮ ಉತ್ತರವನ್ನು ಓದಿ ಓದಿ ಹೆತ್ತವಳಿಗೂ ಅದೇ ನಿಜ ಅನ್ನಿಸತೊಡಗಿತ್ತು.

"ಎಣಿಸಿದ್ದೆ ಅಮ್ಮ," ಎಂದಳು ಮಗಳು.

"ಮತ್ತೆ?"

"ಇನ್ನೂ ಎರಡು ಸುತ್ತಿದೆ ಅಂತ ಗೊತ್ತಿತ್ತು. ಬೋರ್ಡೂ ನೋಡಿದ್ದೆ. ಗಂಟೆ ಹೊಡೆದಾಗ ಇದೇನಪ್ಪಾ ಅನ್ನಿಸ್ತು. ಆದ್ರೆ ಹೊಡೀತಿರೋರು ಅಧ್ಯಕ್ಷರು. ಅಷ್ಟು ದೊಡ್ಡೋರು ತಪ್ಪು ಮಾಡ್ತಾರಾ, ನಂದೇ ಲೆಕ್ಕ ತಪ್ಪಿರ್ಬೇಕು ಅಂದ್ಕೊಂಡೆ."

ಇದನ್ನು ಕೇಳಿಸಿಕೊಂಡ ನಾನು ಹೊರಗಿನ ಕೋಣೆಯಲ್ಲಿ ಕನ್ನಡಕ ತೆಗೆದಿಟ್ಟು ಅತ್ತೆ. ಅದನ್ನು ಮುಚ್ಚಿಡಬೇಕೆಂದು ನನಗೆ ಅನ್ನಿಸುತ್ತಿಲ್ಲ.

ಅವಳ ಎಣಿಕೆ ಸರಿಯಾಗಿತ್ತು, ಮಾನ್ಯರೇ. ಉಸಿರು ಕಟ್ಟಿದ್ದಾಗಲೂ ಸರಿಯಾಗಿತ್ತು. ಆದರೂ ತಮ್ಮ ಮೇಲಿನ ಗೌರವಕ್ಕಾಗಿ ಅವಳು ಅದನ್ನು ಬಿಟ್ಟುಕೊಟ್ಟಳು. ಹಿರಿಯರು ಹೇಳಿದ ಮೇಲೆ ಎದುರಾಡಬಾರದು ಎಂದು ನಾವೇ ಕಲಿಸಿದ್ದೆವು, ಎಲ್ಲರ ಮನೆಯಲ್ಲೂ ಕಲಿಸುವ ಹಾಗೆ. ತಮ್ಮಂಥವರ ಕುರ್ಚಿ ನಿಂತಿರುವುದೇ ಆ ಪಾಠದ ಮೇಲೆ. ಆ ಗೌರವವನ್ನೇ ತಾವು 'ಎಣಿಕೆಯ ಲೋಪ' ಎಂದು ಬರೆಸಿ ಮೊಹರು ಒತ್ತಿದಿರಿ. ಈಗ ಅವಳು ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮನೆಯಿಂದ ಹೊರಡುವಾಗ ಬೀಗ ಹಾಕಿ, ಜಗ್ಗಿ ನೋಡಿ, "ಹಾಕಿದ್ದೀನಾ ನೋಡಪ್ಪಾ" ಎನ್ನುತ್ತಾಳೆ. ರಸ್ತೆ ದಾಟುವಾಗ ಹಸಿರು ದೀಪ ಬಂದರೂ ಪಕ್ಕದವರು ಕಾಲೆತ್ತಿದ ಮೇಲೆಯೇ ಇವಳು ಎತ್ತುತ್ತಾಳೆ. ಹಿಂದೆ ನೋಡದೆ ಓಡುತ್ತಿದ್ದ ಹುಡುಗಿ ಈಗ ಕಣ್ಣೆದುರಿಗೆ ಇರುವುದನ್ನೂ ಇನ್ನೊಬ್ಬರನ್ನು ಕೇಳಿ ನಂಬುತ್ತಾಳೆ. ಪದಕ ಹೋದದ್ದಕ್ಕೆ ನನಗೆ ಇಷ್ಟು ದುಃಖವಾಗಿರಲಿಲ್ಲ.

ಈ ಪತ್ರವನ್ನು ನನ್ನದಲ್ಲದ ಪತ್ರಿಕೆಗೆ ಕಳಿಸುತ್ತಿದ್ದೇನೆ, ನಮ್ಮಲ್ಲಿ ಅಚ್ಚಾಗುವುದಿಲ್ಲ. ಮಗಳಿಗೆ ಹೇಳಿಲ್ಲ. ಹೇಳಿದರೆ "ಬಿಡಪ್ಪಾ, ದೊಡ್ಡೋರ ಸಹವಾಸ" ಎನ್ನುತ್ತಾಳೆ.

ನನ್ನ ಬೇಡಿಕೆ ಇದು. ಓಟವನ್ನು ಮತ್ತೆ ನಡೆಸಿ ಎಂದು ಕೇಳುತ್ತಿಲ್ಲ. ಗೆದ್ದ ಹುಡುಗಿಯ ಪದಕ ಅವಳಲ್ಲೇ ಇರಲಿ, ಅವಳೂ ಯಾರದೋ ಮನೆಯ ಮಗಳು. ಪರಿಹಾರ ಬೇಡ, ಹೂಗುಚ್ಛವಂತೂ ಬೇಡವೇ ಬೇಡ. ಆಯ್ಕೆ ಕೂಟಕ್ಕೆ ಮುಂಚೆ ತಮ್ಮ ಸಂಘದ ಕಾಗದದ ಮೇಲೆ ಮೂರು ಸಾಲು ಬರೆದು ನನ್ನ ಮಗಳಿಗೆ ಕಳಿಸಿ. ಗಂಟೆ ಬಾರಿಸಿದ್ದು ನಾನು. ಒಂದು ಸುತ್ತು ಮೊದಲೇ ಬಾರಿಸಿದೆ. ನಿನ್ನ ಎಣಿಕೆ ಸರಿಯಾಗಿತ್ತು. ಇದನ್ನು ಓದಿದ ಮಾತ್ರಕ್ಕೆ ಅವಳು ಬೂಟು ಕಟ್ಟಿ ಮೈದಾನಕ್ಕೆ ಇಳಿಯುತ್ತಾಳೆ ಎಂಬ ಭ್ರಮೆ ನನಗಿಲ್ಲ. ಬೀಗವನ್ನಾದರೂ ತಾನೇ ಹಾಕಿ ತಾನೇ ನಂಬಿ ಹೊರಡಲಿ.

ಮೂರು ಸಾಲು ಹೆಚ್ಚಾಯಿತು ಎನ್ನಿಸಿದರೆ, ತಮ್ಮ ಸ್ಥಾನಮಾನಕ್ಕೆ ಕುಂದು ಎಂದು ಕಾರ್ಯದರ್ಶಿಗಳು ಹೇಳಿದರೆ, ಮೊದಲಿನ ಎರಡನ್ನು ಹೊಡೆದುಹಾಕಿ. ನನ್ನ ಅಭ್ಯಂತರವಿಲ್ಲ. ಕೊನೆಯದೊಂದು ಇರಲಿ.

ಇಂತಿ,
ದಿನವೂ ಊರವರ ತಪ್ಪು ತಿದ್ದಿ, ಮನೆಯೊಳಗಿನ ಇದೊಂದನ್ನು ತಿದ್ದಲಾಗದೆ ಕೂತಿರುವ,
ಮಿಡತೆಯ ಅಪ್ಪ