ಅಮ್ಮನ ನೀಲಿ ಚುಕ್ಕೆ

ಮಾರ್ಚ್ 3, ಮಂಗಳವಾರ. ಸಂಜೆ 4.20, ಆಫೀಸು

ಸರ್ವೆ ನಕ್ಷೆಯ ಹದಿನಾಲ್ಕನೇ ಶೀಟ್ ಮುಗಿಯಿತು. ದಿನವಿಡೀ ಸೈಟುಗಳ ಗಡಿಗೆರೆ ಎಳೆಯುವುದು, ನಡುನಡುವೆ ಫೋನಿನಲ್ಲಿ ಅಮ್ಮನನ್ನು ನೋಡುವುದು. ಅಮ್ಮ ಅಂದರೆ ಒಂದು ನೀಲಿ ಚುಕ್ಕೆ. ಅರವತ್ತೊಂಬತ್ತರ ಅವಳ ಕೈಗೆ ಅಣ್ಣ ಕಟ್ಟಿದ ಸ್ಮಾರ್ಟ್ ವಾಚು — ಎಲ್ಲಿದ್ದಾಳೆ, ಎದೆಬಡಿತ ಎಷ್ಟು, ಎಲ್ಲವೂ ನಮ್ಮಿಬ್ಬರ ಫೋನಿಗೆ ಬರುತ್ತದೆ.

ಇವತ್ತು ಚುಕ್ಕೆ ಹಳೇ ಬಸ್ ಡಿಪೋದ ಖಾಲಿ ಅಂಗಳದಲ್ಲಿ. ಹೋದಲ್ಲಿಗೇ ಮತ್ತೆ ಹೋಗುತ್ತಿದೆ. ಬಡಿತ 124.

ಪಾರ್ಕಿಗೆ ಹೋಗುತ್ತೇನೆ ಅಂದಿದ್ದಳು.

ಮಾರ್ಚ್ 5

ಮತ್ತೆ ಡಿಪೋ. ಅಣ್ಣನೂ ನೋಡಿದ್ದಾನೆ. ಫೋನ್ ಮಾಡಿದ.

"ದಾರಿ ತಪ್ಪಿ ಸುತ್ತುತಿದಾಳೆ ಕಣೇ. ಮರೆವಿನ ಕಾಯಿಲೆ ಹೀಗೇ ಶುರುವಾಗೋದು. ಹದಿನೇಳಕ್ಕೆ ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೊಂಡಿದೀನಿ. ಆಮೇಲೆ ಒಬ್ಬಳೇ ಹೊರಗೆ ಹೋಗೋದೆಲ್ಲ ಬಂದ್."

ಹೂಂ ಅಂದೆ. ಸಂಜೆ ಅವಳ ಮುಖವನ್ನೇ ನೋಡುತ್ತ ಕೂತೆ.

"ಯಾಕೇ, ಇಂಗು ತಿಂದ ಮಂಗನ ಹಾಗಿದೀಯ?"

ಏನಿಲ್ಲ ಅಂದೆ. ನೇರವಾಗಿ ಕೇಳಬಹುದಿತ್ತು. ಚುಕ್ಕೆಯನ್ನು ನಂಬಿದಷ್ಟು ಅವಳನ್ನು ನಂಬುವುದಿಲ್ಲವೇ ನಾನು?

ಮಾರ್ಚ್ 9, ಸಂಜೆ 6

ಊಟದ ಹೊತ್ತಿನಲ್ಲಿ ನಾಲ್ಕು ದಿನದ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ, ಸರ್ವೆ ನೋಡುವ ಹಾಗೆ. ಮೊದಲ ದಿನ ಬರೀ ತುಂಡು ತುಂಡು. ಆಮೇಲೆ ಸೊಟ್ಟ ಬಾಗು. ನಿನ್ನೆ ಪೂರ್ತಿ ವೃತ್ತ, ತ್ರಿಜ್ಯ ಸುಮಾರು ಹನ್ನೊಂದು ಮೀಟರ್. ದಾರಿ ತಪ್ಪಿದವರ ಗೆರೆ ದಿನದಿಂದ ದಿನಕ್ಕೆ ದುಂಡಗಾಗುವುದಿಲ್ಲ. ವೇಗ ಗಂಟೆಗೆ ಒಂಬತ್ತು ಕಿಲೋಮೀಟರ್ — ಇದು ನಡಿಗೆಯಲ್ಲ.

ಅರ್ಧ ದಿನ ರಜೆ ಹಾಕಿ ಹೋದೆ. ಡಿಪೋ ಗೋಡೆಯ ಹಿಂದೆ ನಿಂತು ನೋಡಿದರೆ... ಸೈಕಲ್. ನನ್ನ ಹಳೇ ಪ್ಯಾಂಟು ತೊಟ್ಟ ಅಮ್ಮ. ಹಿಂದೆ, ಪಕ್ಕದ ಮನೆಯ ರಿಟೈರ್ಡ್ ಪಿ.ಟಿ. ಟೀಚರ್.

"ಹ್ಯಾಂಡಲ್ ನೋಡ್ಬೇಡಿ ಅಕ್ಕ, ಮುಂದೆ ನೋಡಿ."

"ನೀನು ಸೀಟು ಬಿಟ್ಟಿಲ್ಲ ತಾನೆ?"

"ಬಿಟ್ಟು ಆಗ್ಲೇ ಎರಡು ಸುತ್ತಾಯ್ತು."

ಕದ್ದು ನೋಡಿದ್ದಕ್ಕೆ ನಾಚಿಕೆ. ಮೂಳೆ ಸವೆದಿದೆ, ಬೀಳಬಾರದು ಅಂತ ಹೋದ ವರ್ಷವೇ ಡಾಕ್ಟರ್ ಹೇಳಿದ್ದರು — ಆ ಭಯ. ಎರಡನ್ನೂ ಮೀರಿ ಎದೆಯುಬ್ಬಿತ್ತು. ಹೇಳದೆ ಬಂದುಬಿಟ್ಟೆ.

ಮಾರ್ಚ್ 13

4.12ಕ್ಕೆ ಫೋನ್ ಕಿರುಚಿತು: 'ಬಿದ್ದಿರಬಹುದು.' ಚುಕ್ಕೆ ಅಲ್ಲಾಡುತ್ತಿಲ್ಲ. ಹತ್ತು ಸೆಕೆಂಡ್... ಇಪ್ಪತ್ತು... ನಲವತ್ತು. ಬ್ಯಾಗು ಹಿಡಿದು ಎದ್ದಿದ್ದೆ. ಆಗ ಬಂತು — 'ನಾನು ಚೆನ್ನಾಗಿದ್ದೇನೆ.' ತಾನೇ ಒತ್ತಿದ್ದಾಳೆ. ಎರಡು ನಿಮಿಷ ಬಿಟ್ಟು ಮತ್ತೆ ಸುತ್ತು.

ಮತ್ತೆ ಹತ್ತಿದಳು.

ಅಣ್ಣನ ಫೋನ್. "ಬಿದ್ದಳಲ್ಲೇ!"

"ಎದ್ದಳಲ್ಲ, ಅದನ್ನೂ ನೋಡು." ಎಲ್ಲ ಹೇಳಿದೆ.

"ಸೈಕಲ್ಲಾ? ಈ ವಯಸ್ಸಲ್ಲಾ?"

"ನಿನಗೆ ಐವತ್ತು, ನನಗೆ ನಲವತ್ತಾರು. ಇಬ್ಬರಿಗೂ ಬರಲ್ಲ."

ಅಪಾಯಿಂಟ್‌ಮೆಂಟ್ ಮಾತ್ರ ರದ್ದು ಮಾಡಲಾರನಂತೆ.

ಸಂಜೆ ಅವಳ ಮೊಣಕೈಗೆ ಮುಲಾಮು ಹಚ್ಚಿದೆ.

"ನೀವು ನೋಡ್ತೀರ ಅಂತ ಗೊತ್ತಿತ್ತು," ಅಂದಳು.

"ಮತ್ತೆ ವಾಚು ಬಿಚ್ಚಿಟ್ಟು ಹೋಗ್ಬಹುದಿತ್ತಲ್ಲಮ್ಮ?"

"ಕಲಿಯೋದನ್ನ ಯಾರಾದ್ರೂ ನೋಡ್ಲಿ ಅನ್ಸಲ್ವೇನೇ?"

ಮಾರ್ಚ್ 17, ಮಧ್ಯಾಹ್ನ 3.50, ಆಫೀಸು

ನಾಲ್ಕೂವರೆಗೆ ಡಾಕ್ಟರು, ಅಮ್ಮನಿಗೂ ಹೇಳಿಯಾಗಿದೆ. ಅಣ್ಣ ಕಾರು ತಗೊಂಡು ಮನೆಗೆ ಹೋಗಿದ್ದಾನೆ.

"ಅಮ್ಮ ಮನೇಲಿಲ್ಲ ಕಣೇ."

ನೋಡಿದೆ. ಚುಕ್ಕೆ ಮೇನ್ ರೋಡಿನಲ್ಲಿ. ಸುತ್ತಿಲ್ಲ, ಬಾಗಿಲ್ಲ. ನೇರ ಗೆರೆ. ಕ್ಲಿನಿಕ್ಕಿನ ಕಡೆಗೆ.

"ಹೊರಟಾಗಿದೆ. ಮರೆವಿನ ಟೆಸ್ಟಿಗೆ, ಸೈಕಲ್ಲಲ್ಲಿ."

ಆ ಕಡೆ ಕಾರು ಸ್ಟಾರ್ಟ್ ಆದ ಸದ್ದು. "ಹಿಂದೆ ಹೋಗ್ಲಾ?"

"ಹೋಗು. ಹಾರ್ನ್ ಮಾತ್ರ ಹೊಡೀಬೇಡ."

ಅಣ್ಣ ತನ್ನ ಲೊಕೇಶನ್ನೂ ಕಳಿಸಿದ. ಈಗ ಎರಡು ಚುಕ್ಕೆ. ಮುಂದೆ ಅವಳು, ಹಿಂದೆ ನನ್ನಣ್ಣ, ಗಂಟೆಗೆ ಹನ್ನೊಂದು ಕಿಲೋಮೀಟರಿನಲ್ಲಿ. ಇಂಥ ಗೆರೆಯನ್ನು ನಾನು ಇಪ್ಪತ್ತು ವರ್ಷದಲ್ಲಿ ಎಳೆದಿಲ್ಲ. ಪಕ್ಕದ ಟೇಬಲ್ಲಿನವರನ್ನೂ ಕರೆದು ತೋರಿಸಿದೆ — ನಮ್ಮಮ್ಮ.

ದೊಡ್ಡ ಸಿಗ್ನಲ್ಲಿನಲ್ಲಿ ನಿಂತಿದೆ. ಕಾಲು ನೆಲಕ್ಕೂರಿರುತ್ತಾಳೆ. ಸುತ್ತ ಬಸ್ಸು, ಲಾರಿ... ಬಡಿತ 96. ನನ್ನದೇ ಅದಕ್ಕಿಂತ ಹೆಚ್ಚಿರಬೇಕು. ಹಸಿರು ಬಿತ್ತೇನೋ, ಅವಳು ಹೊರಟಳು — ನೇರ.