ಲಗೇಜ್ ಡಬ್ಬಿಯ ಹಾಡುಗಾರ

ಡೊಂಬಿವಲಿ, ೧೨.೨.೨೦೦೪

ಮೋಹಿನಿ,

ನಿನ್ನ ದೇವದಾಸ ಭಾವ ಬರೆಯುವುದು. ಮಗಳ ಮನೆಯಲ್ಲಿ ಎಲ್ಲರೂ ಕ್ಷೇಮ. ಮೊನ್ನೆ ಠಾಣೆಗೆ ಹೊರಟವನು ಗಡಿಬಿಡಿಯಲ್ಲಿ ಲೋಕಲ್ ಟ್ರೈನಿನ ಲಗೇಜ್ ಡಬ್ಬಿ ಹತ್ತಿಬಿಟ್ಟೆ. ಅಲ್ಲಿ ಮೀನಿನ ಬುಟ್ಟಿಗಳ ನಡುವೆ ಕೂತು, ಖಾಲಿ ಎಣ್ಣೆ ಡಬ್ಬ ಬಡಿಯುತ್ತ ಒಬ್ಬ ಹಾಡುತ್ತಿದ್ದ, ಅದೂ ಕನ್ನಡದಲ್ಲಿ! ರಾಯಚೂರು ಕಡೆಯ ಯಂಕಣ್ಣ, ಮೂಟೆ ಹೊರುವವನು. ಹಾಡು, ರಾಗ ಎಲ್ಲ ಅವನದೇ, ಕಂಪ್ಲೀಟ್ಲಿ ಸೆಲ್ಫ್ ಕಂಪೋಸ್ಡ್. ಜೀನಿಯಸ್ ಎಂಬ ಶಬ್ದವನ್ನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ, ಅರ್ಥ ಈಗ ಆಯಿತು.

"ನಿನ್ನ ಕ್ಯಾಸೆಟ್ ಉಂಟಾ ಮಾರಾಯ?" ಎಂದು ಕೇಳಿದೆ.

"ಕ್ಯಾಸೆಟ್ ಯಾಕ ಬೇಕ್ರಿ ಯಜಮಾನ್ರ, ನಾನೇ ಅದೀನಲ್ಲ!" ಎಂದು ನಕ್ಕ.

ಮರುದಿನ ಮಗಳ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋದೆ. ಅವನು ಹಾಡಿದರೂ ಅದರಲ್ಲಿ ಬಂದದ್ದು ಗಾಡಿಯ ಸದ್ದು ಮಾತ್ರ. ಅವನು ಅಂದೇ ಸಂಜೆ ಊರಿಗೆ ಹೊರಟುಹೋದನಂತೆ, ಮತ್ತೆ ಬರುತ್ತಾನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಸ್ನಾನ ಮಾಡುವಾಗ ಆ ಹಾಡನ್ನು ಗುನುಗಲು ನೋಡುತ್ತೇನೆ. ಎರಡನೆಯ ಸಾಲಿಗೆ ಅದು ಯಾವುದೋ ಭಜನೆಯಾಗಿಬಿಡುತ್ತದೆ. ನಿನ್ನಕ್ಕ ಇದ್ದಿದ್ದರೆ ಒಮ್ಮೆ ಕೇಳಿದ್ದು ಸಾಕಿತ್ತು, ಇಡೀ ಹಾಡು ಮನೆಗೆ ಬರುತ್ತಿತ್ತು. ನಮ್ಮಲ್ಲಿ ವಾಹ್ ಎನ್ನುವುದು ನನ್ನ ಕೆಲಸ, ನೆನಪಿಡುವುದು ಅವಳದು.

ಸಕ್ಕರೆ ಕಾಯಿಲೆ ಅಂಡರ್ ಕಂಟ್ರೋಲ್, ಮಂಡಿ ಮಾತ್ರ ಸ್ಟೇಷನ್ನಿನ ಸೇತುವೆ ಹತ್ತಲು ಒಪ್ಪುವುದಿಲ್ಲ. ಕಾರ್ಡಿನಲ್ಲಿ ಇನ್ನು ಜಾಗವಿಲ್ಲ. ಹಾಡನ್ನಾದರೂ ಬರೆದು ಕಳಿಸೋಣವೆಂದರೆ, ನಾನು ವಾಹ್ ಎಂದದ್ದಷ್ಟೇ ನೆನಪಿದೆ.

ದೇ. ಭಾವ